ಎಡಗೈ ರೈಫಲ್ಲಿನ ಎಡವಟ್ಟು

ಈ ಭೂಮಂಡಲವನ್ನು ಬಲಗೈಯವರು ಬಲಗೈಯವರಿಗೋಸ್ಕರವೇ ಕಟ್ಟಿಕೊಂಡಿದ್ದಾರೆ ಎಂಬ ವಿಷಯದಲ್ಲಿ ಸಿಕ್ಸ್ಟೆನ್‌ಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಡಬ್ಬಿ ತೆರೆಯುವ ಕೊಂಡಿ, ಚೀಸ್ ಹೆರೆಯುವ ಪಟ್ಟಿ, ಅವನು ದಿನಾ ಓಡಿಸುವ ಶಾಲಾ ಬಸ್ಸಿನ ಗೇರು, ಎಲ್ಲವೂ ಎಡಚರ ಮೇಲೆ ಹೂಡಿದ ಒಳಸಂಚು. ಆದರೆ ಇವೆಲ್ಲ ಸಹಿಸಬಹುದಾದ ಅನ್ಯಾಯಗಳು. ಸಹಿಸಲಾಗದ ಅನ್ಯಾಯವೆಂದರೆ ಅವನ ಅಪ್ಪ ಬಿಟ್ಟುಹೋದ ಬೇಟೆಯ ರೈಫಲ್.

ರೈಫಲ್ ಒಳ್ಳೆಯದೇ. ಆದರೆ ಒಂದು ಗುಂಡು ಹಾರಿಸಿ ಇನ್ನೊಂದು ಹಾರಿಸಬೇಕಾದರೆ ಅದರ ಬೋಲ್ಟಿನ ಹಿಡಿಯನ್ನು ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ನೂಕಿ, ಕೆಳಕ್ಕೆ ಒತ್ತಬೇಕು. ಆ ಹಿಡಿ ಇದ್ದದ್ದು ಬಲಗಡೆ. ಸಿಕ್ಸ್ಟೆನ್ ಶುದ್ಧ ಎಡಚ. ಎಡಭುಜಕ್ಕೆ ಆನಿಸಿಕೊಂಡು, ಎಡಗೈಯಲ್ಲಿ ಬಂದೂಕಿನ ಕುದುರೆ ಎಳೆದು, ಆಮೇಲೆ ಅದೇ ಎಡಗೈಯನ್ನು ಬೇಲಿ ಹಾರುವ ತುಡುಗು ಹಸುವಿನ ಹಾಗೆ, ಗುರಿ ನೋಡಲು ರೈಫಲ್ಲಿಗೆ ಕೂರಿಸಿದ ದುರ್ಬೀನಿನ ಮೇಲಿಂದ ಹಾರಿಸಿ ಆಚೆಯ ಹಿಡಿಗೆ ಕೈಹಾಕಬೇಕು. ಮೂವತ್ತು ವರ್ಷ ಅವನು ಈ ಸರ್ಕಸ್ಸು ಮಾಡುತ್ತ ಬಂದಿದ್ದ.

ಕಳೆದ ಬೇಟೆಯ ಕಾಲದಲ್ಲಿ ಸರ್ಕಸ್ಸಿನ ಡೇರೆಯೇ ಕುಸಿಯಿತು. ಅವನ ಅಟ್ಟಣೆಯ ಮುಂದೆ ಒಂದು ಗಂಡು ಮೂಸ್ ಬಂದು ನಿಂತಿತು. ಮೂಸ್ ಎಂದರೆ ಸಾಮಾನ್ಯವೇ? ಕುದುರೆಗಿಂತ ಎತ್ತರ, ತಲೆಯ ಮೇಲೆ ಎರಡು ಮೊರ ಹೊತ್ತಂತೆ ಕೊಂಬು. ಮೊದಲ ಗುಂಡು ಪಕ್ಕದ ಬರ್ಚ್ ಮರಕ್ಕೆ ಬಿತ್ತು. ಎರಡನೆಯದಕ್ಕೆ ಕೈ ಬೇಲಿ ಹಾರುವಾಗ ಟೋಪಿಗೆ ತಗುಲಿ, ಟೋಪಿ ಕಣ್ಣಿನ ಮೇಲೆ ಇಳಿದು, ಯಾಮ್ಟ್‌ಲ್ಯಾಂಡ್ ಸೀಮೆಯ ಕಾಡಿಗೆ ಕಾಡೇ ಕತ್ತಲಾಯಿತು. ಟೋಪಿ ಎತ್ತಿ ನೋಡುವಷ್ಟರಲ್ಲಿ ಮೂಸ್ ಅವನನ್ನು ಮೂಸಿಯೂ ನೋಡದೆ ಹೊರಟುಹೋಗಿತ್ತು. ದುರದೃಷ್ಟಕ್ಕೆ, ಇದನ್ನೆಲ್ಲ ಎದುರಿನ ದಿಬ್ಬದಿಂದ ಅಲ್ಗೋಟ್ ನೋಡುತ್ತಿದ್ದ. ಅಲ್ಗೋಟ್ ಊರಿನ ಬೇಟೆ ತಂಡದ ಮುಖಂಡ. (ಸಾಲದ್ದಕ್ಕೆ ಸಿಕ್ಸ್ಟೆನ್‌ನ ಹೆಂಡತಿಯ ಅಣ್ಣ. ಒಬ್ಬನೇ ಮನುಷ್ಯನಿಗೆ ಇಷ್ಟು ಅಧಿಕಾರ ಕೊಡಬಾರದು.)

"ಭಾವ, ನೀನು ಮೂಸ್‌ಗೆ ಗುರಿ ಇಡ್ತಿದ್ಯೋ, ರೈಫಲ್ ಜೊತೆ ಕುಸ್ತಿ ಆಡ್ತಿದ್ಯೋ?" ಎಂದು ಅವನು ಎಲ್ಲರ ಮುಂದೆ ಕೇಳಿದ. "ಬರೋ ವರ್ಷ ಓಡೋ ಗುರಿಗೆ ಹೊಡೆಯೋ ಪರೀಕ್ಷೆಲಿ ಪಾಸಾದೋರಿಗೆ ಮಾತ್ರ ಅಟ್ಟಣೆ. ಫೇಲಾದೋರಿಗೆ ತಂಡಕ್ಕೆಲ್ಲ ಸೂಪು ಬೇಯಿಸೋ ಹಂಡೆ. ಈಗ್ಲೇ ಹೇಳಿದೀನಿ."

ಚಳಿಗಾಲವಿಡೀ ಸಿಕ್ಸ್ಟೆನ್ ಈ ಅವಮಾನವನ್ನು ಹಿಮದ ಜೊತೆ ಗೋರಿ ಗೋರಿ ಹಾಕಿದ. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದವನಿಗೆ ಜ್ಞಾನೋದಯವಾಯಿತು. ಬಟ್ಟಲು ಕುಕ್ಕಿ ಎದ್ದು ನಿಂತ.

"ಗುನ್ವೋರ್! ತಪ್ಪು ನನ್ನದಲ್ಲ, ರೈಫಲ್‌ದು! ಬೋಲ್ಟು ಎಡಗಡೆ ಇರೋ ರೈಫಲ್ ಬರುತ್ತೆ ಗೊತ್ತಾ? ಎಡಚರಿಗೆ ಅಂತಲೇ ಮಾಡಿದ್ದು!"

ಗುನ್ವೋರ್ ಮನೆಯ ಮುಂಗೋಣೆಯಲ್ಲಿ ಕ್ಷೌರದಂಗಡಿ ನಡೆಸುತ್ತಿದ್ದಳು. ಅರ್ಧ ಊರಿನ ತಲೆ ಅವಳ ಕೈಯಲ್ಲಿತ್ತು, ಗಂಡನದು ಪೂರ್ತಿ. ಅವಳು ಟವೆಲ್ ಮಡಚುತ್ತಲೇ ಕೇಳಿದಳು.

"ದುಡ್ಡು?"

"ಹೊಸ ಫ್ರೀಜರಿಗೆ ಅಂತ ತೆಗೆದಿಟ್ಟಿದ್ಯಲ್ಲ..."

"ಅಂದ್ರೆ ಫ್ರೀಜರ್ ಬೇಡ?"

"ನೀನೇ ಯೋಚ್ನೆ ಮಾಡು. ಮೂಸ್ ಇಲ್ದಿದ್ರೆ ಫ್ರೀಜರಲ್ಲಿ ಏನಿಡ್ತೀಯ?"

"ಫ್ರೀಜರ್ ಇಲ್ದಿದ್ರೆ ಮೂಸ್ ಎಲ್ಲಿಡ್ತೀಯ? ನಿನ್ನ ಬಸ್ಸಲ್ಲಾ?"

"ನಿಮ್ಮಂಥೋರಿಗೆ ಅರ್ಥ ಆಗಲ್ಲ ಬಿಡು!" ಸಿಕ್ಸ್ಟೆನ್ ಎದೆ ತಟ್ಟಿಕೊಂಡ. "ಬಲಗೈಯೋರಿಗೆ ಎಡಚರ ಸಂಕಟ ಏನು ಗೊತ್ತು? ಹುಟ್ಟಿದಾಗಿಂದ ಎಲ್ಲಾ ಅಂಗೈಯಲ್ಲಿ ಸಿಕ್ಕಿದೆ ನಿಮಗೆ. ಬಲಗೈಯಲ್ಲಿ!"

ಗುನ್ವೋರ್ ಅವನ ಮುಖವನ್ನೇ ಒಂದು ಕ್ಷಣ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಹೇಳದೆ ಟವೆಲ್ ಎತ್ತಿಟ್ಟಳು. "ಫ್ರೀಜರ್ ದುಡ್ಡಲ್ಲೇ ದುರ್ಬೀನೂ ಸೇರಿ ಮುಗೀಬೇಕು. ಒಂದು ಕ್ರೋನಾನೂ ಮೇಲೆ ಕೊಡಲ್ಲ" ಎಂದಳು.

ಸಿಕ್ಸ್ಟೆನ್ ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದ.

ಕುಣಿತ ಬಹಳ ದಿನ ಉಳಿಯಲಿಲ್ಲ. ಬಂದೂಕಿನ ಅಂಗಡಿಗಳ ಬೆಲೆಪಟ್ಟಿ ತಿರುಗಿಸಿದಾಗ ಗೊತ್ತಾದದ್ದೇನೆಂದರೆ, ಬಲಗೈಯವರಿಗೆ ಪುಟಗಟ್ಟಲೆ ರೈಫಲ್, ಎಡಗೈಯವರಿಗೆ ಕೊನೆಯ ಪುಟದ ಮೂಲೆಯಲ್ಲಿ ಒಂದೋ ಎರಡೋ. ಅವುಗಳ ಬೆಲೆಗೆ ಫ್ರೀಜರ್ ಅಲ್ಲ, ಅಡುಗೆಮನೆಯನ್ನೇ ಮಾರಬೇಕು. ಹಳೆಯದು ಸಿಗುತ್ತದೇನೋ ಎಂದು ಪತ್ರಿಕೆಯ ಜಾಹೀರಾತುಗಳನ್ನು ಜರಡಿ ಹಿಡಿದ. ಎಡಗೈ ರೈಫಲ್ ಕೊಂಡ ಪುಣ್ಯಾತ್ಮರು ಅದನ್ನು ಸಾಯುವ ತನಕ ಬಿಡುವುದಿಲ್ಲವೆಂದು ಕಾಣುತ್ತದೆ, ಒಂದೂ ಇಲ್ಲ. ಕೊನೆಗೊಂದು ದಿನ ಕಣ್ಣಿಗೆ ಬಿತ್ತು: "ಎಡಚನ ರೈಫಲ್ ಮಾರಾಟಕ್ಕಿದೆ. ಬೆಲೆ ಅಗ್ಗ."

ಅವನು ಊಟವನ್ನು ಅರ್ಧಕ್ಕೆ ಬಿಟ್ಟು, ಹಿಮ ಸುರಿಯುತ್ತಿದ್ದರೂ ಲೆಕ್ಕಿಸದೆ, ಸಮುದ್ರದ ದಂಡೆಯವರೆಗೆ ಕಾರು ಓಡಿಸಿದ. ದಾರಿಯುದ್ದಕ್ಕೂ ಹಾಡು ಬೇರೆ. ಬಾಗಿಲು ತೆಗೆದ ಮುದುಕ ಎಡಗೈ ಚಾಚಿ ಕೈಕುಲುಕಿದಾಗಲೇ ಸಿಕ್ಸ್ಟೆನ್‌ಗೆ ಅವನು ಹಿಂದಿನ ಜನ್ಮದ ಅಣ್ಣನಂತೆ ಕಂಡ. ಮುದುಕ ರೈಫಲ್ ತಂದು ಮೇಜಿನ ಮೇಲಿಟ್ಟ. ಬೋಲ್ಟು ಬಲಗಡೆ ಇತ್ತು.

"ಇದು ಎಡಗೈದಲ್ವಲ್ಲ, ಅಜ್ಜ!"

"ರೈಫಲ್ ಎಡಗೈದು ಅಂತ ಯಾರಂದ್ರು? ಎಡಚನ ರೈಫಲ್ ಅಂದಿದೀನಿ. ಎಡಚ ನಾನು. ನಲವತ್ತು ವರ್ಷ ಇದ್ರ ಕೈಲಿ ಪಟ್ಟ ಪಾಡು ಸಾಕಪ್ಪ, ಅದಕ್ಕೇ ಮಾರ್ತಿದೀನಿ."

ಇಬ್ಬರು ಎಡಚರೂ ಕೂತು ಕಾಫಿ ಕುಡಿದು, ಚೀಸ್ ಹೆರೆಯುವ ಪಟ್ಟಿಯನ್ನು ಶಪಿಸಿ, ಕಣ್ಣು ಒದ್ದೆ ಮಾಡಿಕೊಂಡರು. ಸಿಕ್ಸ್ಟೆನ್ ಬರಿಗೈಯಲ್ಲಿ ಮನೆಗೆ ಬಂದ.

"ಇನ್ನು ನೀನೊಬ್ನೇ ಎಲ್ಲೂ ಹೋಗ್ಬೇಡ" ಎಂದಳು ಗುನ್ವೋರ್. ವಸಂತ ಬಂದು ರಸ್ತೆಯ ಹಿಮ ಕರಗಿದ ಮೇಲೆ ಇಬ್ಬರೂ ಓಸ್ಟರ್ಸುಂಡ್ ಪೇಟೆಯ ಬಂದೂಕಿನ ಅಂಗಡಿಗೆ ಹೋದರು. ಅಂಗಡಿಯ ಎಸ್ಕಿಲ್ ಗಿರಾಕಿಯ ಮುಖದಲ್ಲೇ ಆಸೆಯ ಆಳ ಅಳೆಯಬಲ್ಲವನು. ನೇರವಾಗಿ ಅತಿ ದುಬಾರಿಯದನ್ನೇ ತಂದ. ಅಕ್ರೋಟಿನ ಮರದ ಮೈ, ಜೇನಿನಂಥ ಬಣ್ಣ, ಎಡಗಡೆ ಮಿರಮಿರ ಮಿಂಚುವ ಬೋಲ್ಟು. ಸಿಕ್ಸ್ಟೆನ್ ಅದನ್ನು ಎತ್ತಿಕೊಂಡ ರೀತಿಗೆ, ಅವನ ಸ್ವಂತ ಮಕ್ಕಳು ನೋಡಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದರು.

"ಇದಕ್ಕೆಷ್ಟು?" ಎಂದಳು ಗುನ್ವೋರ್.

ಎಸ್ಕಿಲ್ ಹೇಳಿದ. ಗುನ್ವೋರ್ ರೈಫಲನ್ನು ಗಂಡನ ತೋಳಿನಿಂದ ಬಿಡಿಸಿ ಮೇಜಿನ ಮೇಲೆ ಮಲಗಿಸಿದಳು.

"ಇನ್ನೊಂದಿದೆ" ಎಂದು ಎಸ್ಕಿಲ್ ಒಳಗಿನಿಂದ ಕಪ್ಪಗಿನ ಒಂದನ್ನು ತಂದ. ಮರವಿಲ್ಲ, ಪೂರ್ತಿ ಪ್ಲಾಸ್ಟಿಕ್ ಮೈ.

"ಇದೇನಿದು, ಸೌಟಿನ ಹಿಡಿ ಥರ!" ಸಿಕ್ಸ್ಟೆನ್‌ನ ಮುಖ ಹುಳ್ಳಗಾಯಿತು.

"ನಳಿಗೆ ಅದೇ, ಬೋಲ್ಟೂ ಅದೇ, ಸ್ವಾಮಿ. ಮಳೆ ಹಿಮಕ್ಕೆ ಮರ ಉಬ್ಬುತ್ತೆ, ಇದು ಉಬ್ಬಲ್ಲ. ನೀವು ದುಡ್ಡು ಹಾಕೋದಾದ್ರೆ ದುರ್ಬೀನಿಗೆ ಹಾಕಿ. ಮೂಸ್ ಏನು ಮರದ ಚಂದ ನೋಡುತ್ತಾ?"

"ಹಗುರಾಗಿದ್ಯಾ?" ಎನ್ನುತ್ತ ಗುನ್ವೋರ್ ಅದನ್ನೆತ್ತಿ ಭುಜಕ್ಕೆ ಆನಿಸಿ ಬೋಲ್ಟನ್ನು ಚಕ್ ಚಕ್ಕೆಂದು ಆಡಿಸಿದಳು. ಎಸ್ಕಿಲ್‌ನ ಹುಬ್ಬು ಮೇಲಕ್ಕೇರಿತು. "ನಿಮಗೆ ಚೆನ್ನಾಗಿ ಒಗ್ಗುತ್ತಲ್ಲ, ಅಕ್ಕ" ಎಂದ. ಸಿಕ್ಸ್ಟೆನ್‌ಗೆ ಇದ್ಯಾವುದೂ ಕಾಣಲಿಲ್ಲ, ಕೇಳಲಿಲ್ಲ. ಅವನು ಅಕ್ರೋಟಿನದಕ್ಕೆ ವಿದಾಯ ಹೇಳುತ್ತಿದ್ದ.

ಕಪ್ಪಗಿನದೇ ಗತಿಯಾಯಿತು. ಆದರೂ ದುರ್ಬೀನಿಗೆ ಸ್ವಲ್ಪ ದುಡ್ಡು ಕಡಿಮೆ ಬಿತ್ತು. ಗುನ್ವೋರ್ ಮಾತು ಕೊಟ್ಟಂತೆ ಒಂದು ಕ್ರೋನಾನೂ ಬಿಚ್ಚಲಿಲ್ಲ. ಸಿಕ್ಸ್ಟೆನ್ ಹಿಂದೆಮುಂದೆ ನೋಡದೆ ಅಪ್ಪನ ರೈಫಲನ್ನೇ ಎಸ್ಕಿಲ್‌ಗೆ ಕೊಟ್ಟು ಲೆಕ್ಕ ಸರಿಮಾಡಿದ. "ಇನ್ನು ಆ ಬಲಗೈ ದೆವ್ವದ ಮುಖ ನೋಡಲ್ಲ" ಎಂದು ಘೋಷಿಸಿದ.

ಪೊಲೀಸರ ಪರವಾನಗಿ ಬರುವ ತನಕ ಹೊಸ ರೈಫಲ್ ಅಂಗಡಿಯಲ್ಲೇ ಇರಬೇಕು. ಅಷ್ಟು ದಿನವೂ ಅವನು ಕಸಬರಿಗೆಯನ್ನು ಎಡಭುಜಕ್ಕೆ ಆನಿಸಿ ಅಂಗಳದ ಕಾಗೆಗಳಿಗೆ ಗುರಿಯಿಟ್ಟ. ಕ್ಷೌರಕ್ಕೆ ಬಂದವರೆಲ್ಲ ಕಿಟಕಿಯಿಂದ ನೋಡಿ, "ಮನೆಯವರು ಆರಾಮಾ?" ಎಂದು ಗುನ್ವೋರ್‌ಳನ್ನು ಮೆಲ್ಲಗೆ ವಿಚಾರಿಸಿಕೊಂಡರು.

ಆಗಸ್ಟ್ ಬಂತು. ಊರಾಚೆಯ ಗುರಿಯ ಮೈದಾನದಲ್ಲಿ ಹಳಿಯ ಮೇಲೆ ಕಾಗದದ ಮೂಸ್ ಆ ತುದಿಯಿಂದ ಈ ತುದಿಗೆ ಓಡಾಡುತ್ತದೆ. ಹೋಗುವಾಗ ಒಂದು ಗುಂಡು, ಬರುವಾಗ ಒಂದು. ತಂಡವೆಲ್ಲ ನೆರೆದಿತ್ತು. ಗುನ್ವೋರ್ ಕಾಫಿ, ಏಲಕ್ಕಿ ಬನ್ನು ಹೊತ್ತು ಬಂದಿದ್ದಳು. ಸಿಕ್ಸ್ಟೆನ್ ಕಪ್ಪು ರೈಫಲ್ ಹಿಡಿದು, ಪಟ್ಟಾಭಿಷೇಕಕ್ಕೆ ಹೊರಟವನಂತೆ ನಡೆದು ನಿಂತ.

ಮೂಸ್ ಓಡಿತು. ಢಂ! ಸರಿಯಾಗಿ ಎದೆಗೂಡಿಗೇ. ತಂಡ "ಓಹೋ!" ಎಂದಿತು.

ಆಮೇಲೆ ಎಡಗೈ, ಮೂವತ್ತು ವರ್ಷದ ನಿಯತ್ತಿನಿಂದ, ಯಾರನ್ನೂ ಕೇಳದೆ ಮೇಲೆದ್ದು ದುರ್ಬೀನನ್ನು ದಾಟಿ ಬಲಗಡೆಗೆ ಹಾರಿತು. ಅಲ್ಲಿ ಏನೂ ಇರಲಿಲ್ಲ. ಕೈ ಗಾಬರಿಯಿಂದ ಹುಡುಕಿತು, ಮೇಲೆ ತಡವಿತು, ಕೆಳಗೆ ತಡವಿತು, ಬೆಚ್ಚಿದ ಕುದುರೆಯ ಕೆನ್ನೆ ಸವರಿದಂತೆ ರೈಫಲ್ಲಿನ ಕೆನ್ನೆ ಸವರಿತು. ಅಷ್ಟರಲ್ಲಿ ಕಾಗದದ ಮೂಸ್ ಹೋಗಿ, ಬಂದು, ನಿಂತಿತ್ತು.

"ಭಾವ, ಬೋಲ್ಟು ಈ ಕಡೆ!" ಅಲ್ಗೋಟ್ ಕೂಗಿದ.

"ಗೊತ್ತು! ನನಗೆ ಗೊತ್ತು! ಕೈಗೆ ಗೊತ್ತಿಲ್ಲ ಅಷ್ಟೇ!"

ಎರಡನೆಯ ಸಲವೂ ಕೈ ಹಾರಿತು. ಮೂರನೆಯ ಸಲ ಅವನು ಹಲ್ಲು ಕಚ್ಚಿ ಕೈಯನ್ನು ತಡೆದ. ತಡೆದ ರಭಸಕ್ಕೆ ರೈಫಲ್ಲಿನ ಜೊತೆ ತಾನೂ ಒಂದು ಸುತ್ತು ತಿರುಗುವುದರಲ್ಲಿದ್ದ. ತಂಡದವರೆಲ್ಲ ನೆಲಕ್ಕೆ ಬೋರಲಾದರು. ಅಲ್ಗೋಟ್ ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು, ಒಂದೇ ಮಾತು ಹೇಳಿದ. "ಸೂಪು."

ಸಿಕ್ಸ್ಟೆನ್‌ಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಬಲಗೈ ರೈಫಲ್ ಹೋಯಿತು, ಎಡಗೈ ರೈಫಲ್ ಒಗ್ಗಲಿಲ್ಲ. ಈಗ ತಾನು ನಿಜವಾದ ಎಡಬಿಡಂಗಿ.

"ಇಲ್ಲಿ ಕೊಡು ನೋಡಣ" ಎಂದಳು ಗುನ್ವೋರ್. ಬನ್ನಿನ ಸಕ್ಕರೆ ಹತ್ತಿದ್ದ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಎಡಭುಜಕ್ಕೆ ರೈಫಲ್ ಆನಿಸಿದಳು. ಮೂಸ್ ಓಡಿತು. ಢಂ. ಚಕ್ ಚಕ್. ಮೂಸ್ ಮರಳಿತು. ಢಂ. ಎರಡು ತೂತುಗಳ ನಡುವೆ ಒಂದು ಬನ್ನು ಇಡಬಹುದಿತ್ತು, ಅಷ್ಟೇ ಅಂತರ.

ತಂಡದವರೆಲ್ಲ ತೂತು ನೋಡಲು ಮುಂದೆ ನುಗ್ಗಿದರು.

"ಮದುವೆಗೆ ಮುಂಚೆ ಅಪ್ಪನ ಜೊತೆ ಬೇಟೆ ಪರೀಕ್ಷೆ ಪಾಸು ಮಾಡಿದ್ಳಲ್ಲ ಇವ್ಳು" ಎಂದ ಅಲ್ಗೋಟ್. "ಎಡಗೈ ರೈಫಲ್ ಇಲ್ಲ ಅಂತ ಬಿಟ್ಟಿದ್ದಲ್ವೇನೇ, ತಂಗಿ?"

"ಹೂಂ, ಅಣ್ಣ. ಆಗ ಎಲ್ಲಿ ಸಿಕ್ತಿತ್ತು!"

ಸಿಕ್ಸ್ಟೆನ್ ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದ. "ನೀನು... ಎಡಚಿನಾ?"

"ಹುಟ್ಟಿದಾಗಿಂದ. ಬರೆಯೋದು ಮಾತ್ರ ಬಲಗೈ, ಟೀಚರಮ್ಮ ಬಿಡ್ಲಿಲ್ಲ."

"ನನ್ಗೆ ಹೇಳೇ ಇಲ್ವಲ್ಲ!"

"ಎಡಚರ ಸಂಕಟ ನಂಗೇನು ಗೊತ್ತು ಅಂತ ನೀನೇ ಭಾಷಣ ಮಾಡ್ತಿದ್ದೆ. ಅಷ್ಟು ಚೆನ್ನಾಗಿ ಮಾಡ್ತಿದ್ದೆ, ಮಧ್ಯ ತಡೆಯೋಕೆ ಮನಸ್ಸಾಗ್ಲಿಲ್ಲ."

"ಸುಳ್ಳು! ತಿಂಗಳು ತಿಂಗಳು ನನ್ನ ಕೂದಲು ಕತ್ತರಿಸ್ತೀಯ, ನಾನೇ ಕಣ್ಣಾರೆ ನೋಡಿದೀನಿ, ಕತ್ತರಿ ಬಲಗೈಲಿ ಇರುತ್ತೆ!"

"ಎಲ್ಲಿ ನೋಡಿದೀಯ?"

"ಕನ್ನಡಿಲಿ!"

ಇಡೀ ತಂಡ ಹುಲ್ಲಿನ ಮೇಲೆ ಬಿದ್ದು ಹೊರಳಾಡಿತು. ಅಲ್ಗೋಟ್‌ನ ನಾಯಿಯೂ ಬೊಗಳಿತು. ಸಿಕ್ಸ್ಟೆನ್ ಮನಸ್ಸಿನಲ್ಲೇ ಕನ್ನಡಿಯ ಎಡಬಲವನ್ನು ತಿರುಗಿಸಿ ನೋಡಿದ, ಮತ್ತೆ ತಿರುಗಿಸಿದ, ಕೊನೆಗೆ ಒಂದು ಬನ್ನು ತೆಗೆದು ಬಾಯಿಗಿಟ್ಟುಕೊಂಡ.

ಸೂಪಿನ ಹಂಡೆಯಿಂದ ಅವನನ್ನು ಪಾರುಮಾಡಿದ್ದು ಕಾನೂನು. ರೈಫಲ್ಲಿನ ಪರವಾನಗಿ ಅವನ ಹೆಸರಿನಲ್ಲಿತ್ತು. ಗುನ್ವೋರ್ ಅದನ್ನು ಎರವಲು ಪಡೆದು ಹೊಡೆಯಬೇಕಾದರೆ ಯಜಮಾನ ಪಕ್ಕದಲ್ಲೇ ಇರಬೇಕು. ಹೀಗಾಗಿ ಮೂಸ್ ಬೇಟೆ ಶುರುವಾಗುವ ಸೆಪ್ಟೆಂಬರಿನ ಸೋಮವಾರ, ಇಬ್ಬನಿ ಇನ್ನೂ ಆರದ ಬೆಳಿಗ್ಗೆ, ಗಂಡಹೆಂಡಿರು ಒಂದೇ ಅಟ್ಟಣೆಯ ಮೇಲೆ ಕೂತರು. ಅವಳ ಕೈಯಲ್ಲಿ ರೈಫಲ್. ಅವನ ಕೈಯಲ್ಲಿ ಕಾಫಿಯ ಫ್ಲಾಸ್ಕು.

ದೂರದಲ್ಲಿ ನಾಯಿ ಬೊಗಳಿತು. ಕೊಂಬೆಗಳು ಲಟಲಟ ಮುರಿದವು.

"ಬಂತು! ಬಂತು ಕಣೇ! ಉಸಿರು ಬಿಗಿಹಿಡಿ! ಭುಜದ ಹಿಂದೆ..."

"ಶ್!"

ಫರ್ ಮರಗಳ ಮಧ್ಯದಿಂದ ಅದು ಹೊರಬಂದಿತು. ಕಂದು ಪರ್ವತವೊಂದು ಕಾಲು ಮೂಡಿ ನಡೆದಂತೆ. ಸಿಕ್ಸ್ಟೆನ್ ಒಂದು ಕಣ್ಣು ಮುಚ್ಚಿದ. ತಾನು ಗುರಿಯಿಡುತ್ತಿಲ್ಲವೆಂಬುದೇ ಅವನಿಗೆ ಮರೆತುಹೋಗಿತ್ತು. ಎಡಗೈಯ ಬೆರಳು ಫ್ಲಾಸ್ಕಿನ ಮುಚ್ಚಳವನ್ನು ಎಳೆಯುತ್ತಿತ್ತು. ಗುನ್ವೋರ್ ಮಾತ್ರ ಯಾರದೋ ಕಿವಿಯ ಹಿಂದಿನ ಕೂದಲು ಸಮಮಾಡುವಾಗ ಇರುವಷ್ಟೇ ಶಾಂತವಾಗಿದ್ದಳು. ಢಂ. ಮೂಸ್ ನಾಲ್ಕು ಹೆಜ್ಜೆ ನಡೆದು ಕುಸಿಯಿತು. ಫ್ಲಾಸ್ಕು ಅಟ್ಟಣೆಯಿಂದ ಕೆಳಗೆ ಬಿತ್ತು.

ರೇಡಿಯೋದಲ್ಲಿ ಅಲ್ಗೋಟ್ ಕೇಳಿದ, "ಯಾರು ಹೊಡೆದದ್ದು?"

"ನಾವು!" ಎಂದು ಸಿಕ್ಸ್ಟೆನ್ ಕಿರುಚಿದ. "ನಾವು ಹೊಡೆದ್ವಿ, ಭಾವ! ಒಂದೇ ಗುಂಡು!" ಹೆಂಡತಿಯನ್ನು ತಬ್ಬಿ ಎರಡೂ ಕೆನ್ನೆಗೆ ಮುತ್ತಿಟ್ಟ. ಅವಳು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಅಪ್ಪ ಇರ್ಬೇಕಿತ್ತು" ಎಂದಳು. ಸಿಕ್ಸ್ಟೆನ್ ಅವಳನ್ನು ಮತ್ತೊಮ್ಮೆ ತಬ್ಬಿಕೊಂಡ.

ತಂಡ ಬಂದು ನೆರೆಯಿತು. ಮೂಸ್ ಹೊಡೆದವರ ಟೋಪಿಗೆ ಫರ್ ಮರದ ಚಿಗುರು ಸಿಕ್ಕಿಸುವುದು ಅಲ್ಲಿನ ಮರ್ಯಾದೆ. ಅಲ್ಗೋಟ್ ಚಿಗುರು ಮುರಿದುಕೊಂಡು ಗಂಭೀರವಾಗಿ ನಡೆದು ಬಂದ. ಸಿಕ್ಸ್ಟೆನ್ ಎದೆಯುಬ್ಬಿಸಿ, ಟೋಪಿ ಸರಿಮಾಡಿಕೊಂಡು, ತಲೆ ಬಾಗಿಸಿದ. ಅಲ್ಗೋಟ್ ಅವನನ್ನು ದಾಟಿ ಹೋಗಿ ತಂಗಿಯ ಉಲ್ಲನ್ ಟೋಪಿಗೆ ಚಿಗುರು ಸಿಕ್ಕಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು, ತಲೆ ಇನ್ನೂ ಬಾಗಿಸಿಕೊಂಡೇ ಇದ್ದ ಸಿಕ್ಸ್ಟೆನ್.

"ನಿನಗೂ ಇಟ್ಟಿದೀನಿ, ಭಾವ" ಎಂದ ಅಲ್ಗೋಟ್. ಸಿಕ್ಸ್ಟೆನ್ ಆಸೆಯಿಂದ ತಲೆಯೆತ್ತಿದ. ಅಲ್ಗೋಟ್ ತೋಳುಗಾತ್ರದ ಹಗ್ಗವೊಂದನ್ನು ಅವನ ಕೈಗೆ ಹಾಕಿ, ಜೌಗಿನಲ್ಲಿ ಬೆಟ್ಟದಂತೆ ಬಿದ್ದಿದ್ದ ಮೂಸನ್ನು ತೋರಿಸಿದ.

"ರಸ್ತೆ ತನಕ ಎಳೀಬೇಕು. ಇದಕ್ಕೆ ಎಡಗೈ ಬಲಗೈ ಅಂತ ಏನೂ ಇಲ್ಲ. ಎರಡೂ ಕೈ ಹಾಕು!"