ಐಸ್ ಡಬ್ಬಿ ತುಂಬಿದೆಯೆಂದು ಪರಿಗಣಿಸತಕ್ಕ ಬಗ್ಗೆ

ಸಂಖ್ಯೆ: ಆಡಳಿತ/ಶೈತ್ಯ/ಐಸ್/೪೧

ವಿಷಯ: ಮೂರನೇ ಮಹಡಿಯ ಫ್ರಿಜ್ಜಿನ ಐಸ್ ಸೆನ್ಸರನ್ನು ದಫ್ತರಿಯವರು ಅನುಮತಿಯಿಲ್ಲದೆ ಸರಿಪಡಿಸಿದ ಕುರಿತು.

ಉಲ್ಲೇಖ: ೧. ಸೆನ್ಸರ್ ಕೆಟ್ಟಿದೆಯೆಂಬ ಸಿಬ್ಬಂದಿಯ ಹದಿನಾಲ್ಕು ದೂರುಗಳು.
೨. ದೂರು ಬಂದಿಲ್ಲವೆಂದು ತಿಳಿಸಿದ ಈ ಕಚೇರಿಯ ಹದಿನಾಲ್ಕು ಉತ್ತರಗಳು.

ಸದರಿ ಫ್ರಿಜ್ಜಿನಲ್ಲಿ ಐಸ್ ಡಬ್ಬಿ ತುಂಬಿದಾಗ ಸೆನ್ಸರಿನ ಕೆಂಪು ದೀಪ ಹೊತ್ತಿ ಐಸ್ ಯಂತ್ರ ನಿಲ್ಲತಕ್ಕದ್ದು. ಎರಡು ತಿಂಗಳಿಂದ ಡಬ್ಬಿ ಬರಿದಾಗಿದ್ದರೂ ದೀಪ ಹೊತ್ತಿಯೇ ಇತ್ತು. ದೀಪ ಅಧಿಕೃತ, ಡಬ್ಬಿ ಅನಧಿಕೃತ. ಆದ್ದರಿಂದ ಡಬ್ಬಿ ತುಂಬಿದೆಯೆಂದೇ ಪರಿಗಣಿಸಲು ಆದೇಶಿಸಲಾಗಿತ್ತು.

ಹೀಗಿರುವಲ್ಲಿ, ಕಳೆದ ಬುಧವಾರ ಬೆರಳಚ್ಚುಗಾರ್ತಿಯ ಬಲಗೈ ಬೀರುವಿನ ಬಾಗಿಲಿಗೆ ಸಿಕ್ಕಿ ಬದನೆಕಾಯಿಯಂತೆ ಊದಿಕೊಂಡಿತು. ಐಸ್ ಕೋರಿದ ಅವರ ಅರ್ಜಿಯಲ್ಲಿ ಸಹಿ ಇಲ್ಲದ್ದರಿಂದ ಅದನ್ನು ಹಿಂದಿರುಗಿಸಲಾಯಿತು. ಅಷ್ಟರಲ್ಲಿ, ಮೂವತ್ತೊಂದು ವರ್ಷ ಕಡತ ಕಟ್ಟುವ ಸೇವೆ ಸಲ್ಲಿಸಿದ, ಎಲ್ಲರೂ 'ಮಾವ' ಎಂದು ಕರೆಯುವ ದಫ್ತರಿಯವರು ಸೆನ್ಸರಿಗೆ ಕಟ್ಟಿದ್ದ ಮಂಜನ್ನು ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿರುತ್ತಾರೆ. ದೀಪ ಆರಿತು. ಗಂಟೆಯೊಳಗೆ ದಡದಡನೆ ಐಸ್ ಬಿದ್ದಿತು. ಸಿಬ್ಬಂದಿ ಚಪ್ಪಾಳೆ ತಟ್ಟಿದ್ದು ಪ್ರತ್ಯೇಕ ಅಪರಾಧ.

ನೋಟಿಸಿಗೆ ದಫ್ತರಿಯವರ ಉತ್ತರ ಯಥಾವತ್ತಾಗಿ: "ಸಾರ್, ಆ ಮಗು ನೋವಲ್ಲಿ ತುಟಿ ಕಚ್ಕೊಂಡು ಕೂತಿತ್ತು. ನನ್ ಕೈಲಿ ಬಟ್ಟೆ ಇತ್ತು, ಒರೆಸ್ದೆ. ಇದಕ್ಕೂ ಫೈಲ್ ಬೇಕಾ?"

ಕೊನೆಯ ಪ್ರಶ್ನೆಗೆ 'ಹೌದು' ಎಂದು ಉತ್ತರಿಸಲಾಗಿದೆ. ಮುಂದುವರಿದು, ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

೧. ಡಬ್ಬಿಯೊಳಗೆ ಇಣುಕುವುದನ್ನು ದೀಪದ ಮೇಲಿನ ಅವಿಶ್ವಾಸವೆಂದು ಪರಿಗಣಿಸಲಾಗುವುದು.

೨. ಗಾಯಗೊಳ್ಳಲಿರುವವರು ಏಳು ದಿನ ಮುಂಚಿತವಾಗಿ ತಿಳಿಸತಕ್ಕದ್ದು. ಮಂಜೂರಾತಿ ಬರುವವರೆಗೆ ಊತವನ್ನು ಯಥಾಸ್ಥಿತಿಯಲ್ಲಿ ಕಾಪಾಡಿಕೊಳ್ಳತಕ್ಕದ್ದು.

೩. ಸಾಕ್ಷ್ಯವೆಂದು ಜಪ್ತಿ ಮಾಡಿ ಮೇಜಿನ ಖಾನೆಯಲ್ಲಿ ಬೀಗ ಹಾಕಿಟ್ಟಿದ್ದ ಐಸ್ ತುಂಡುಗಳು ತಲೆಮರೆಸಿಕೊಂಡಿವೆ. ಕಂಡವರು ತಿಳಿಸುವುದು.

೪. ಒರೆಸಿಹೋದ ಮಂಜನ್ನು ಮರುಸ್ಥಾಪಿಸಲು ಐವರ ಸಮಿತಿ ರಚಿಸಲಾಗಿತ್ತು. ಸಮಿತಿಯು ಮೂರು ದಿನ ಫ್ರಿಜ್ಜಿನ ಬಾಗಿಲನ್ನು ಅರೆತೆರೆದಿಟ್ಟು, ಮಂಜು ಕಟ್ಟಿಸಿ, ಕೆಂಪು ದೀಪವನ್ನು ಮತ್ತೆ ಹೊತ್ತಿಸುವಲ್ಲಿ ಯಶಸ್ವಿಯಾಗಿರುತ್ತದೆ. ಸದಸ್ಯರಿಗೆ ಅಭಿನಂದನೆಗಳು.

೫. ದಫ್ತರಿಯವರನ್ನು ಹಿಂಭಾಗದ ಉಗ್ರಾಣಕ್ಕೆ ವರ್ಗಾಯಿಸಲಾಗಿದೆ. ಅವರು ಹೊರಟಾಗ ಮಹಡಿಗೆ ಮಹಡಿಯೇ ಎದ್ದು ಮೆಟ್ಟಿಲಿಳಿದು ಬಿಟ್ಟುಬಂದದ್ದನ್ನು, ಬೆರಳಚ್ಚುಗಾರ್ತಿಯವರು ಎಡಗೈಯಲ್ಲಿ ಅವರ ಊಟದ ಡಬ್ಬಿ ಹಿಡಿದು ಮುಂದೆ ನಡೆದದ್ದನ್ನು, ಅನುಮತಿಯಿಲ್ಲದ ಮೆರವಣಿಗೆಯೆಂದು ದಾಖಲಿಸಲಾಗಿದೆ.

ಸಹಿ/-
ಆಡಳಿತಾಧಿಕಾರಿ
(ಶೈತ್ಯ ವಿಭಾಗ, ಪ್ರಭಾರ)

ಪ್ರತಿಗಳು:
೧. ಮೂರನೇ ಮಹಡಿಯ ಸಿಬ್ಬಂದಿಗೆ: ಓದಿ, ಚಪ್ಪಾಳೆ ತಟ್ಟದೆ ಸಹಿ ಹಾಕಲು.
೨. ಫ್ರಿಜ್ಜಿನ ಬಾಗಿಲಿಗೆ: ಅಂಟಿಸಲು.
೩. ಉಗ್ರಾಣ ಪಾಲಕರಿಗೆ: ಒಂಬತ್ತು ವರ್ಷಗಳಿಂದ ಶಿಸ್ತಾಗಿ ನಿಂತಿದ್ದ ಅಲ್ಲಿನ ಗೋಡೆ ಗಡಿಯಾರ ನಿನ್ನೆಯಿಂದ ಓಡುತ್ತಿರುವ ಬಗ್ಗೆ ತಕ್ಷಣ ವಿವರಣೆ ನೀಡಲು.