ಮಾಮಾ ಮಾಡಿದ ಚೂಪು ದನಿಯ ಡಬ್ಬಿ

ನಮ್ಮ ಮಾಮಾ, ಅಂದರೆ ಅವ್ವನ ತಮ್ಮ, ಚೀಟಿಯಲ್ಲಿ ಬರೆದುಕೊಟ್ಟ ಸಾಮಾನನ್ನೇ ಅಂಗಡಿಯಿಂದ ತಂದದ್ದನ್ನು ಇಡೀ ಗದಗ-ಬೆಟಗೇರಿಯಲ್ಲಿ ಕಂಡವರಿಲ್ಲ! ಉಪ್ಪಿಟ್ಟಿಗೆ ರವೆ ತರಲು ಅತ್ತೆ ಕಳಿಸಿದರೆ ಶಾವಿಗೆ ಹಿಡಿದುಕೊಂಡು ಬರುತ್ತಿದ್ದರು. “ರವಾ ಎಲ್ಲೈತ್ರಿ?” ಎಂದು ಅತ್ತೆ ಕೇಳಿದರೆ, “ಅದೂ ಗೋದಿ, ಇದೂ ಗೋದಿ. ವ್ಯಾಲ್ಯೂ ಒಂದೀಟು ಬ್ಯಾರೆ, ಕೆಲಸ ನಡೀತೈತಿ ತಗೋ” ಎಂಬ ಉತ್ತರ ಸಿದ್ಧವಿರುತ್ತಿತ್ತು.

ತಪ್ಪು ಅವರದಲ್ಲ, ಕಸುಬಿನದು. ಬೆಟಗೇರಿಯಲ್ಲಿ ಮೂವತ್ತು ವರ್ಷ ರೇಡಿಯೋ, ಟೀವಿ ರಿಪೇರಿ ಮಾಡಿದವರು ಅವರು. ಬೇಕಾದ ಭಾಗ ಸಿಗದಿದ್ದರೆ ಸಿಕ್ಕಿದ್ದನ್ನು ಹಾಕಿ ಹಾಡಿಸುವುದೇ ಅವರ ವಿದ್ಯೆ. ಜನ ರಿಪೇರಿ ಬಿಟ್ಟು ಹೊಸದನ್ನೇ ಕೊಳ್ಳತೊಡಗಿದ ಮೇಲೆ ಮಾಮಾನ ಕಣ್ಣು ನನ್ನ ಗಿಟಾರಿನ ಮೇಲೆ ಬಿತ್ತು.

ನಾನು ಶಿರಹಟ್ಟಿಯಲ್ಲಿ ಹೈಸ್ಕೂಲ್ ಮಾಸ್ತರ. ರಜೆಯ ದಿನ ಮೂವರು ಗೆಳೆಯರ ಜೊತೆ ಸೇರಿ ಮದುವೆ, ಸ್ನೇಹಸಮ್ಮೇಳನಗಳಲ್ಲಿ ಗಿಟಾರ್ ಬಾರಿಸುತ್ತೇನೆ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಪೆಡಲ್ ಎಂಬ ಡಬ್ಬಿಯೊಂದನ್ನು ಇಡುವುದುಂಟು. ಕಾಲಿನಿಂದ ಒತ್ತಿದರೆ ಸಾಧುವಾದ ದನಿ ಗುರುಗುಟ್ಟತೊಡಗುತ್ತದೆ. ಅದನ್ನು ಕೊಳ್ಳುವ ಮಾತೆತ್ತಿದೆ ನೋಡಿ, ಮಾಮಾ ತಡೆದರು. “ಇಷ್ಟಕ್ಕ ಯಾಕ್ಲೇ ಕೊಳ್ಳೂದು? ನಾ ಮಾಡಿಕೊಡ್ತೀನಿ!”

ಫೋನಿನಲ್ಲಿ ಒಂದು ನಕ್ಷೆ ಹುಡುಕಿ ತೋರಿಸಿದೆ. ಮಾಮಾ ಕನ್ನಡಕ ಏರಿಸಿ ಪುರಾಣದಂತೆ ಭಕ್ತಿಯಿಂದ ಓದಿದರು. ಓದಿದ್ದಷ್ಟೇ ಬಂತು! ನಕ್ಷೆಯಲ್ಲಿದ್ದ ರೆಸಿಸ್ಟರ್ ಮನೆಯಲ್ಲಿರಲಿಲ್ಲ; ಅದರ ಅರ್ಧರ್ಧ ವ್ಯಾಲ್ಯೂ ಇದ್ದ ಎರಡನ್ನು ಒಂದರ ಹಿಂದೊಂದು ಬೆಸೆದರು. ಡಯೋಡ್ ಇರಲಿಲ್ಲ, ದೇವರ ಕೋಣೆಯ ದೀಪದ ಸರದಿಂದ ಎರಡು ಕೆಂಪು ಎಲ್‌ಇಡಿ ಕಿತ್ತರು. ಡಬ್ಬಿಯೂ ಇರಲಿಲ್ಲ, ಅತ್ತೆಯ ಎಲೆಅಡಿಕೆ ಡಬ್ಬಿ ಇತ್ತಲ್ಲ! ನಾನು ತಂತಿಯನ್ನು ಜೋರಾಗಿ ಮೀಟಿದಾಗಲೆಲ್ಲ ಅದರ ತೂತಿನೊಳಗಿನಿಂದ ಕೆಂಪು ದೀಪಗಳು ಮಿಣುಕುತ್ತಿದ್ದವು. “ನಿಮ್ಮ ಮಾಮಾ ಗಣಪತಿಗೆ ಕತ್ತಲಿ ಮಾಡಿ ನಿನ್ನ ಗಿಟಾರಿಗೆ ಬೆಳಕು ಮಾಡ್ಯಾರ ನೋಡೋ!” ಎಂದು ಅತ್ತೆ ತಮ್ಮ ಸಣ್ಣ, ಚೂಪು ದನಿಯಲ್ಲಿ ಗೊಣಗಿದರು.

ಆದರೆ ದನಿ? ಆಹಾ! ಆಗತಾನೆ ಹುರಿದ ಶೇಂಗಾದ ಹಾಗೆ ಒರಟು, ಬೆಚ್ಚಗೆ. ನಕ್ಷೆಯಲ್ಲಿದ್ದಂತೆಯೇ ಮಾಡಿದ್ದರೆ ಹೇಗಿರುತ್ತಿತ್ತೋ ನನಗೆ ತಿಳಿಯದು. ತಿಳಿಯುವ ಅಗತ್ಯವೂ ಬೀಳಲಿಲ್ಲ.

ಎರಡನೆಯ ಪೆಡಲಿಗೆ ಮಾಮಾ ಹಳೆಯ ರೇಡಿಯೋ ಒಂದರ ಹೊಟ್ಟೆ ಬಗೆದು ಜರ್ಮೇನಿಯಂ ಟ್ರಾನ್ಸಿಸ್ಟರ್ ತೆಗೆದರು. ಅದು ಬಹಳ ಸುಕುಮಾರ ಜಾತಿ, ಬಿಸಿಲು ತಾಳುವುದಿಲ್ಲ. ನಾವು ಅದನ್ನು ಒಯ್ದದ್ದು ಎಲ್ಲಿಗೆ? ಲಕ್ಷ್ಮೇಶ್ವರದ ಮದುವೆಗೆ, ಬೇಸಿಗೆಯ ಮಟಮಟ ಮಧ್ಯಾಹ್ನ, ತಗಡಿನ ಚಪ್ಪರದ ಕೆಳಗೆ! ಎರಡನೆಯ ಹಾಡಿಗೇ ಪೆಡಲು ತೇಕತೊಡಗಿತು. ಮಾಮಾ ವೇದಿಕೆ ಹತ್ತಿ ಬಂದು ಒದ್ದೆ ಟವೆಲ್ಲಿನ ಮೇಲೆ ಡಬ್ಬಿಯನ್ನಿಟ್ಟು ಬೀಸಣಿಗೆಯಿಂದ ಗಾಳಿ ಹಾಕುತ್ತ ಕುಳಿತರು. ಬೀಗರ ಕಡೆಯ ಹಿರಿಯರೊಬ್ಬರು ಗಾಬರಿಯಾಗಿ, “ಯಾರಿಗೆ ಜ್ವರ ಬಂದಾವ್ರಿ?” ಎಂದು ವಿಚಾರಿಸಿದರು. “ಟ್ರಾನ್ಸಿಸ್ಟರಿಗ್ರಿ. ಈಗ ಇಳ್ಯಾಕತ್ತಾವ” ಎಂದು ಮಾಮಾ ಧೈರ್ಯ ಹೇಳಿದರು!

ಇಷ್ಟು ನಗುತ್ತ ಬರೆದೆ. ಮುಂದಿನದನ್ನು ಬರೆಯಲು ಕೈ ತಡೆಯುತ್ತದೆ.

ಕೊನೆಯ ಭಾಗವನ್ನು ಮಾಮಾ ಯಾವಾಗಲೂ ಕಿವಿಯಿಂದಲೇ ಆರಿಸುತ್ತಿದ್ದರು. ನಾನು ಬಾರಿಸುತ್ತಿರಬೇಕು; ಅವರು ಕಣ್ಣು ಮುಚ್ಚಿಕೊಂಡು ಒಂದೊಂದೇ ಕೆಪ್ಯಾಸಿಟರನ್ನು ತಂತಿಯ ತುದಿಗೆ ತಾಗಿಸಿ ನೋಡಬೇಕು. ಆ ಜಾಗದ ಕೆಪ್ಯಾಸಿಟರ್ ಸಣ್ಣದಾದಷ್ಟೂ ದಪ್ಪ ದನಿ ಸೋಸಿಹೋಗಿ ಚೂಪು ದನಿ ಉಳಿಯುತ್ತದೆ. ಬರಬರುತ್ತ ಮಾಮಾ ಸಣ್ಣ ಸಣ್ಣವನ್ನೇ ಆರಿಸತೊಡಗಿದರು. ಪ್ರತಿ ಪೆಡಲೂ ಹಿಂದಿನದಕ್ಕಿಂತ ಕೀರಲಾಗುತ್ತ ಹೋಯಿತು. ವಯಸ್ಸಾದವರ ಹುಚ್ಚು ಎಂದುಕೊಂಡೆ. ಯಾಕೆ ಎಂದು ಒಮ್ಮೆಯಾದರೂ ಕೇಳಬಾರದಿತ್ತೇ?

ಮುಂಡರಗಿಯಲ್ಲಿ ಹಳೆಯ ವಿದ್ಯಾರ್ಥಿಗಳ ಒಂದು ಸಮಾರಂಭವಿತ್ತು. ಹೊಸ ಪೆಡಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮಾಮಾ ಬೆಟಗೇರಿಯಿಂದ ಬಸ್ಸಿನಲ್ಲಿ ಬಂದಿದ್ದರು. ಕಾರ್ಯಕ್ರಮಕ್ಕೆ ಮುಂಚೆ ಜೋಡಿಸಿ ಒಮ್ಮೆ ಮೀಟಿದೆ. ಹಲ್ಲು ಜುಮ್ಮೆಂದಿತು! ಗೆಳೆಯರ ಕಡೆ ತಿರುಗಿ, “ಇದು ಪೆಡಲ್ ಅಲ್ಲೋ, ಕುಡಗೋಲಿಗೆ ಸಾಣಿ ಹಿಡಿಯೋ ಯಂತ್ರ!” ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾಮಾ ಕೂಡ ನಕ್ಕರು. ನಕ್ಕು, ನನ್ನ ಹತ್ತಿರ ಬಂದು, “ಏನಂದ್ಯೋ? ಛಲೋ ಐತೇನು?” ಎಂದು ಕೇಳಿದರು.

ನಾನು ಉತ್ತರಿಸುವ ಮೊದಲೇ ಡ್ರಮ್ಮಿನ ಗೆಳೆಯ ಎರಡೂ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡು ಮುಖ ಹಿಂಡಿ ತೋರಿಸಿದ. ಅದು ಅವರಿಗೆ ತಿಳಿಯಿತು. “ಒಂದು ಕೆಪ್ಯಾಸಿಟರ್ ತಪ್ಪೇತಿ, ಅಷ್ಟ” ಎನ್ನುತ್ತ ಪೆಡಲನ್ನು ಬಿಚ್ಚಿ ಟವೆಲ್ಲಿನಲ್ಲಿ ಸುತ್ತಿಕೊಂಡರು. ಊಟಕ್ಕೂ ನಿಲ್ಲಲಿಲ್ಲ. ಬಸ್ ಸ್ಟ್ಯಾಂಡಿನ ತನಕ ಹೋಗಿ ಬೀಳ್ಕೊಡಬಹುದಿತ್ತು. ನಾನು ತಂತಿ ಶ್ರುತಿ ಮಾಡುವ ನೆಪದಲ್ಲಿ ತಲೆ ತಗ್ಗಿಸಿ ಕುಳಿತೆ.

ಆಮೇಲೆ ನಾನು ಕಂಪನಿಯ ಪೆಡಲೊಂದನ್ನು ತರಿಸಿಕೊಂಡೆ. ಅದಕ್ಕೆ ಬಿಸಿಲೂ ಇಲ್ಲ, ಜ್ವರವೂ ಇಲ್ಲ. ಬೆಟಗೇರಿಗೆ ಹೋಗುವುದು ತಪ್ಪಿತು. ಈ ವಾರ, ಆ ವಾರ ಎನ್ನುತ್ತ ನಾಲ್ಕು ತಿಂಗಳು ಕಳೆದವು. ಒಂದು ದಿನ ಅತ್ತೆಯ ಫೋನು ಬಂತು.

“ನಿಮ್ಮ ಮಾಮಾಗ ಕಿವಿ ಮಂದ ಆಗೇತೋ. ಕುಕ್ಕರ್ ಬಾಜೂಕ ಕುಂತಿರ್ತಾರ, ಆರು ಸೀಟಿ ಆದ್ರೂ ಕೇಳಂಗಿಲ್ಲ. ಗಂಡಸರ ದಪ್ಪ ದನಿ ಹತ್ತಿರ ಇದ್ರ ಕೇಳತೈತಿ, ಸಣ್ಣ ದನಿ ಹೋಗಿ ಎರಡು ವರ್ಷ ಆತಂತ. ನನ್ನ ಮುಂದೂ ಹೇಳಿದ್ದಿಲ್ಲ ನೋಡು. ಡಾಕ್ಟರು ಕಿವಿಗೆ ಮಷೀನ್ ಕೊಟ್ರ, ಮೊದಲನೇ ದಿನಾನ ಅದನ್ನ ಬಿಚ್ಚಿ ಹರವಿಕೊಂಡು ಕುಂತ್ರು!”

ಅತ್ತೆ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಎರಡು ವರ್ಷ! ತಮಗೆ ಕೇಳದ ದನಿಯನ್ನು ಹುಡುಕುತ್ತ ಆ ಮನುಷ್ಯ ಕೆಪ್ಯಾಸಿಟರನ್ನು ಸಣ್ಣದು, ಇನ್ನೂ ಸಣ್ಣದು ಮಾಡುತ್ತ ಬಂದಿದ್ದರು. ಎದುರಿಗೇ ಕುಳಿತು ಬಾರಿಸುತ್ತಿದ್ದ ನನಗೆ, ಎರಡು ಕಿವಿ ನೆಟ್ಟಗಿದ್ದ ನನಗೆ, ಅದು ಕೇಳಿಸಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಬೆಟಗೇರಿಗೆ ಹೋದೆ. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಉರುಹೊಡೆದಿದ್ದೆ. ಮಾಮಾ ನಡುಮನೆಯ ಗೋಡೆಗೆ ಒರಗಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕುಳಿತಿದ್ದರು. ಹೆಡ್‌ಫೋನಿನ ತಂತಿ ಆಂಪ್ಲಿಫೈಯರಿನ ಬದಲಿಗಿಟ್ಟ ಒಂದು ಹಳೆಯ ರೇಡಿಯೋದೊಳಗೆ ಹೋಗಿತ್ತು. ರೇಡಿಯೋದಿಂದ ಹೊರಟ ಇನ್ನೊಂದು ತಂತಿ ಮುಂಡರಗಿಯಲ್ಲಿ ನಾನು ನಗೆಯಾಡಿದ ಆ ಪೆಡಲಿಗೆ ಸೇರಿತ್ತು. ಗಿಟಾರ್ ಜೋಡಿಸಬೇಕಾದ ಜಾಗದಲ್ಲಿ ಮೈಕು ಇತ್ತು. ಅದನ್ನು ಅವರು ಅಡುಗೆಮನೆಯ ಹೊಸ್ತಿಲ ಮೇಲೆ ಒಳಮುಖವಾಗಿ ಇಟ್ಟಿದ್ದರು.

ಒಳಗೆ ಅತ್ತೆ ರೊಟ್ಟಿ ಬಡಿಯುತ್ತ ತಮ್ಮ ಪಾಡಿಗೆ ತಾವು ಗೊಣಗುತ್ತಿದ್ದರು. “ಒಂದು ಹೇಳಿದ್ರ ಒಂದು ತರ್ತಾರ. ಕಿವಿ ಇದ್ದಾಗ ಕೇಳಲಿಲ್ಲ, ಇನ್ನ ಈಗ ಕೇಳ್ತಾರೇನು...”

ಮಾಮಾ ಕಣ್ಣು ತೆರೆದು ನನ್ನನ್ನು ಕಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ಬೆರಳನ್ನು ತುಟಿಯ ಮೇಲಿಟ್ಟು, ನಗುತ್ತ, ಪಿಸುಗುಟ್ಟಿದರು.

“ತಡಿಯೋ, ನಿಮ್ಮತ್ತಿ ಬೈಯಾಕತ್ತಾಳ. ಎರಡು ವರ್ಷ ಆಗಿತ್ತು. ಪೂರಾ ಕೇಳಾಕ ಬಿಡು.”

ನಾನು ಅವರ ಪಕ್ಕದಲ್ಲಿ ಕುಳಿತು, “ತಪ್ಪಾತು ಮಾಮಾ” ಎಂದೆ. ಮೈಕು ಅಡುಗೆಮನೆಯ ಕಡೆಗಿತ್ತು.