ಮಡಿಚೀಲವೂ ವಾಲಿದ ಗೋಪುರವೂ

“ಇಟಲಿ ದೇಶವನ್ನು ಮಡಿಯಲ್ಲೇ ನೋಡಿಕೊಂಡು ಬರುತ್ತೇನೆ!” ಎಂದು ನಾನು ಪ್ರತಿಜ್ಞೆ ಮಾಡಿದ್ದು ಮದ್ರಾಸಿನ ಪಶ್ಚಿಮ ಮಾಂಬಲದ ನಮ್ಮ ಅಡಿಗೆಮನೆಯಲ್ಲಿ, ಹುಳಿಗೆ ಒಗ್ಗರಣೆ ಹಾಕುತ್ತಾ. ಎರಡು ಸಾವಿರದ ನಾಲ್ಕನೆಯ ಇಸವಿ. ನನಗೆ ಅರವತ್ತೇಳು ವರ್ಷ. ಸಾಸಿವೆ ಚಟಪಟ ಎಂದು ಸಾಕ್ಷಿ ಹೇಳಿತು.

ನಾನು ಓದಿದ್ದು ಮೂರನೆಯ ಕ್ಲಾಸು. ಉಳಿದದ್ದೆಲ್ಲ ಕಿವಿಯಿಂದ ಕಲಿತದ್ದು. ಪುರಾಣ ಹೇಳುವವರು, ತರಕಾರಿಯವಳು, ಬಾಡಿಗೆ ಮನೆಯ ಸೊಸೆ, ಯಾರು ಏನು ಹೇಳಿದರೂ ಕೊನೆಯವರೆಗೂ ಕೇಳುವವಳು ಜಾನಕಮ್ಮ ಎಂದು ಬೀದಿಯಲ್ಲಿ ಹೆಸರಿತ್ತು. ಆ ಹೆಸರನ್ನು ಇಟಲಿಯಲ್ಲಿ ಬಿಟ್ಟು ಬಂದೆ. ಅದನ್ನು ಹೇಳಿಕೊಂಡುಬಿಡುತ್ತೇನೆ, ಮನಸ್ಸು ಹಗುರವಾಗಲಿ.

ನಮ್ಮ ಭಜನೆಯ ಗುಂಪಿನ ಒಂಬತ್ತು ಮಂದಿ ಹೆಂಗಸರು ಹೊರಟಿದ್ದು. ಗುಂಪಿನ ಚಂದ್ರಮತಿಯ ಮಗಳು ರಂಜನಿ ಗಿಂಡಿ ಎಂಬ ಬಡಾವಣೆಯ ಒಂದು ಪ್ರವಾಸದ ಕಂಪನಿಯಲ್ಲಿದ್ದಳು. ಅವಳೇ ನಮ್ಮ ದಾರಿ ತೋರಿಸುವವಳು. ನಮ್ಮ ಯಜಮಾನರು ಮಧ್ವರಾಜರು ಮಾತ್ರ ಬರಲಿಲ್ಲ. ಮಂಡಿನೋವು.

“ವಿಮಾನದಲ್ಲಿ ಅತ್ತಿಂದ ಒಬ್ಬ ಮುಟ್ತಾನೆ, ಇತ್ತಿಂದ ಒಬ್ಬಳು ಮುಟ್ತಾಳೆ. ಇನ್ನೆಂಥಾ ಮಡೀನೇ ನಿಂದು?” ಎಂದರು.

“ನಾನು ಮೈಲಿಗೆಯಾದರೂ ನನ್ನ ಚೀಲ ಆಗೋಲ್ಲ. ನೀವು ನಿಮ್ಮ ಬೆಲ್ಟು ನೋಡಿಕೊಳ್ಳಿ.”

ಬೆಲ್ಟಿನ ಮಾತು ತೆಗೆದರೆ ಅವರು ಗಪ್‌ಚಿಪ್. ನಮ್ಮ ಮನೆಯಲ್ಲಿ ತೊಗಲು ಹೊಸ್ತಿಲು ದಾಟುವಂತಿಲ್ಲ. ಮದುವೆಯಾದಾಗಿನಿಂದ, ನಲವತ್ತೆಂಟು ವರ್ಷ, ಅವರ ಬೆಲ್ಟು ಬೀದಿಬಾಗಿಲಿನ ಆಚೆ, ಚಪ್ಪಲಿಯ ಮೇಲಿನ ಮೊಳೆಗೆ ನೇತು ಬಿದ್ದಿರುತ್ತಿತ್ತು. “ಅಕ್ಕಪಕ್ಕದವರ ಮುಂದೆ ಪ್ಯಾಂಟು ಹಿಡಿದುಕೊಂಡು ನಿಂತು ಬೆಲ್ಟು ಕಟ್ಟೋ ಆಫೀಸರು ಇಡೀ ಮದ್ರಾಸಿನಲ್ಲಿ ನಾನೊಬ್ಬನೇ” ಎಂದು ಕೆಲಸದಲ್ಲಿದ್ದಷ್ಟು ದಿನವೂ ಗೊಣಗಿದರು. ನಾನು ಬಗ್ಗಲಿಲ್ಲ.

ಚೀಲದಲ್ಲಿ ಎರಡು ಪಟ್ಟೆಸೀರೆ, ಜಪಮಣಿ, ಅವಲಕ್ಕಿಯ ಡಬ್ಬಿ, ಚಟ್ನಿಪುಡಿ. ಬೆಳಿಗ್ಗೆ ಸ್ನಾನ, ಪಟ್ಟೆಸೀರೆ, ಜಪ, ದೇವರಿಗೆ ತೋರಿಸಿದ ಅವಲಕ್ಕಿ. ಅಷ್ಟೇ ನನ್ನ ಇಟಲಿಯ ಊಟ. ಆ ಚೀಲಕ್ಕೆ ಇನ್ನೊಬ್ಬರ ಬೆರಳು ತಾಗಕೂಡದು, ತೊಗಲಿನ ಗಾಳಿ ಸೋಕಕೂಡದು. ಕಾನೂನು ಮಾಡಿದವಳೂ ನಾನೇ, ಕಾವಲಿಗೆ ನಿಂತವಳೂ ನಾನೇ!

ಮೀನಂಬಾಕದ ವಿಮಾನ ನಿಲ್ದಾಣದಲ್ಲಿ ಸರಸ ಅಳುಮೋರೆ ಮಾಡಿಕೊಂಡು ನಿಂತಿದ್ದಳು. ಸರಸ ಗುಂಪಿನಲ್ಲೇ ಮೆಲುದನಿಯವಳು. ಅವಳ ಗಂಡ ತಿರುಮಲೇಶ ಅಂಬತ್ತೂರಿನ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೆಲದ ಮೇಲೆ ಮಟ್ಟವಾಗಿ ಕೂರಿಸುವ ಕೆಲಸದಲ್ಲಿದ್ದವನು. ಅವನ ಆಯುಧ ಒಂದು ರಸಮಟ್ಟ. ಗೇಣುದ್ದದ ಕಬ್ಬಿಣ, ಅದರ ನಡುವೆ ಗಾಜಿನ ಕೊಳವೆ, ಕೊಳವೆಯಲ್ಲಿ ಒಂದು ಗುಳ್ಳೆ. ಗುಳ್ಳೆ ಮಧ್ಯೆ ನಿಂತರೆ ಯಂತ್ರ ಮಟ್ಟವಾಗಿ ಕೂತಿದೆ ಎಂದು ಅರ್ಥ. ಅವನ ಮೇಜಿನ ಗಾಜಿನಡಿ ಪೀಸಾ ಊರಿನ ವಾಲಿದ ಗೋಪುರದ ಚಿತ್ರ ಇತ್ತಂತೆ. “ಒಂದು ಸಲ ಇದನ್ನ ಅದರ ಮೇಲಿಟ್ಟು ನೋಡಬೇಕು ಸರಸ. ಒಂದು ಕಡೆ ಹೆಬ್ಬೆರಳು ದಪ್ಪ ಎತ್ತಿಕೊಟ್ಟರೆ ಗುಳ್ಳೆ ನಡುವಿಗೆ ಬರುತ್ತೆ” ಎನ್ನುತ್ತಿದ್ದನಂತೆ. ಅವನು ರಿಟೈರಾದಾಗ ಆ ಗೋಪುರಕ್ಕೆ ರಿಪೇರಿ, ಬಾಗಿಲು ಮುಚ್ಚಿತ್ತು. ಅದು ತೆರೆಯುವ ಹೊತ್ತಿಗೆ ಅವನಿರಲಿಲ್ಲ.

ಸರಸ ರೋಮಿಗಾಗಿ ಬಂದವಳಲ್ಲ, ವೆನಿಸ್ಸಿಗಾಗಿ ಬಂದವಳೂ ಅಲ್ಲ. ಆ ರಸಮಟ್ಟವನ್ನು ಗೋಪುರದ ಮೇಲಿಡುವುದಕ್ಕೆ ಬಂದವಳು.

“ಪೆಟ್ಟಿಗೆಯಲ್ಲಿ ಹಾಕಿದರೆ ಎಸೆದು ಗಾಜು ಒಡೀತಾರೆ. ಕೈಯಲ್ಲಿಟ್ಟುಕೊಂಡರೆ ಪೊಲೀಸಿನವರು ಕಿತ್ತುಕೊಳ್ತಾರಂತೆ ಅಕ್ಕಾ.”

“ನನ್ನ ಮಡಿಚೀಲಕ್ಕೆ ಕೊಡು. ಅದಕ್ಕೆ ಕೈ ಹಾಕುವ ಗಂಡಾಗಲಿ ಹೆಣ್ಣಾಗಲಿ ಇನ್ನೂ ಹುಟ್ಟಿಲ್ಲ!”

ಸರಸ ಟವೆಲಿನಲ್ಲಿ ಸುತ್ತಿದ ಗಂಟನ್ನು ಎದೆಗೆ ಅವಚಿಕೊಂಡಳು. “ಅಲ್ಲ ಅಕ್ಕಾ... ಮಡೀಲಿ ಹೇಗೆ...”

“ಟವೆಲು ಒಗೆದದ್ದು ತಾನೆ?”

“ಟವೆಲು ಒಗೆದದ್ದೇ. ಆದರೆ ಒಳಗೆ...”

“ಒಳಗೆ ಕಬ್ಬಿಣ. ಕಬ್ಬಿಣಕ್ಕೆ ದೋಷ ಇಲ್ಲ. ಹಾಕು!”

ಹಾಕಿದಳು. ಇಡೀ ಬೀದಿಯ ಮಾತು ಕೇಳಿದ ಕಿವಿ ಅವಳ ಅರ್ಧ ಮಾತಿಗೆ ಬಾಗಿಲು ಹಾಕಿತು.

ಚೀಲ ಯಂತ್ರದೊಳಗೆ ಹೋಗುತ್ತಲೇ ಕುಂಯ್ ಎಂದಿತು. “ಪಾಟ್ಟಿ, ಉಳ್ಳೆ ಎನ್ನ ಇರುಂಬು?” ಅಜ್ಜೀ, ಒಳಗೇನು ಕಬ್ಬಿಣ ಎಂದು ಪೊಲೀಸ್ ಹೆಂಗಸು ಕೇಳಿದಳು. ರಸಮಟ್ಟ ಎಂದೆ. ತಮಿಳಿನಲ್ಲೂ ಅದೇ ಹೆಸರು. ಅವಳ ಮುಖ ಅರಳಿತು. “ಎಂಗಪ್ಪಾ ಕೊತ್ತನಾರ್ ಪಾಟ್ಟಿ. ರಸಮಟ್ಟಂ ಎನಕ್ಕು ತೆರಿಯಾದಾ?” ಅವಳಪ್ಪ ಮನೆ ಕಟ್ಟುವ ಮೇಸ್ತ್ರಿಯಂತೆ, ರಸಮಟ್ಟ ಅವಳಿಗೆ ಗೊತ್ತಿಲ್ಲದ್ದೇ! ಚೀಲ ಬಿಚ್ಚಿಸಲೇ ಇಲ್ಲ. ನನ್ನ ಮಡಿಯ ಮಹಿಮೆಯೇ ಎಂದು ನಾನು ತಲೆಯೆತ್ತಿ ನಡೆದೆ.

ರೋಮಿನಲ್ಲಿ ಬಿದ್ದದ್ದನ್ನೆಲ್ಲ ಬಿದ್ದ ಹಾಗೆಯೇ ಕಾಪಾಡಿಕೊಂಡಿದ್ದಾರೆ. ನಮ್ಮಲ್ಲಾಗಿದ್ದರೆ ಕಾರ್ಪೊರೇಷನ್ನಿನವರು ಬಂದು ಗುಡಿಸುತ್ತಿದ್ದರು. ಮಿಕ್ಕವರು ಫೋಟೋ ಹಿಡಿದರು, ನಾನು ಚೀಲ ಹಿಡಿದೆ. ಆ ದೊಡ್ಡ ದುಂಡು ಕಟ್ಟಡವನ್ನೂ ಚೀಲವನ್ನು ಎದೆಗೊತ್ತಿಕೊಂಡೇ ಸುತ್ತಿದೆ. ಯಾರಾದರೂ ಒರಗಿ ನಡೆದರೆ “ನಗರು ನಗರು” ಎಂದು ತಮಿಳಿನಲ್ಲೇ ಜರುಗಿಸಿದೆ. ಜರುಗಿದರು ಪಾಪ.

ಫ್ಲಾರೆನ್ಸ್ ಎಂಬ ಊರಿನಲ್ಲಿ ಪರೀಕ್ಷೆಯೇ ಬಂತು. ರಂಜನಿ ಒಂದು ಸಂತೆಗೆ ಕರೆದುಕೊಂಡು ಹೋದಳು. ಎಡಕ್ಕೆ ತೊಗಲು, ಬಲಕ್ಕೆ ತೊಗಲು! ಪರ್ಸು, ಕೋಟು, ಬೂಟು, ಕೈಗವಸು! ನಾನು ಸಂತೆಯ ಬಾಯಿಯಲ್ಲೇ ಕಂಬದ ಹಾಗೆ ನಿಂತೆ.

“ಮಾಮಿ, ಸುಮ್ಮಾ ಬನ್ನಿ, ನೋಡಿದರೆ ಏನೂ ಆಗಲ್ಲ” ಎಂದಳು ರಂಜನಿ.

“ನೋಡಿದರೆ ಆಗಲ್ಲ, ವಾಸನೆಗೆ ಆಗುತ್ತೆ. ನೀವು ಹೋಗಿ ಬನ್ನಿ. ಸ್ನಾನ ಮಾಡುವವರೆಗೂ ಯಾರೂ ನನ್ನ ಹತ್ತಿರ ಸುಳಿಯಬೇಡಿ.”

ಎಲ್ಲರೂ ಹೋದರು. ಸರಸ ಮಾತ್ರ ಹಿಂದೆ ಉಳಿದು, ಸೆರಗಿನ ಅಂಚನ್ನು ತಿರುಚುತ್ತ, “ಅಕ್ಕಾ, ತೊಗಲು ಅಂದಿರಲ್ಲ, ಒಂದು ಮಾತು...” ಎಂದಳು.

“ನಿನಗೂ ಪರ್ಸು ಬೇಕೇನೇ? ಹೋಗು, ತಗೋ. ನನ್ನ ಒಪ್ಪಿಗೆ ಯಾಕೆ?”

ನಾನು ಅವಳಿಗೆ ತೊಗಲಿನ ದೋಷದ ಬಗ್ಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಕೇಳಿದಳು. ಅವಳು ಕೇಳುವುದರಲ್ಲಿ ನನಗಿಂತ ದೊಡ್ಡವಳೆಂದು ಆಗ ತಿಳಿಯಲಿಲ್ಲ.

ಮಾರನೆಯ ದಿನ ಪೀಸಾ. ಹಸಿರು ಹುಲ್ಲಿನ ನಡುವೆ ಬಿಳೀ ಗೋಪುರ, ಯಾರದೋ ಮಾತಿಗೆ ಕಿವಿಗೊಟ್ಟ ಹಾಗೆ ಬಗ್ಗಿ ನಿಂತಿದೆ. ಸರಸ ಬಸ್ಸಿನಿಂದ ಇಳಿದಳು. ಅವಳ ಕಣ್ಣು ಮೇಲಿಂದ ಕೆಳಗಿಳಿಯಲಿಲ್ಲ.

ಅಲ್ಲಿಯ ಕಟ್ಟುನಿಟ್ಟು ನನ್ನ ಕಟ್ಟುನಿಟ್ಟಿಗಿಂತ ಹೆಚ್ಚು. ಚೀಟಿಯಲ್ಲಿ ಬರೆದ ಹೊತ್ತಿಗೇ ಹತ್ತಬೇಕು, ಅರ್ಧ ಗಂಟೆಯಲ್ಲಿ ಇಳಿಯಬೇಕು, ಚೀಲಗಳನ್ನು ಪಕ್ಕದ ಕೋಣೆಯಲ್ಲಿ ಒಪ್ಪಿಸಬೇಕು. ಒಪ್ಪಿಸಿದ ಚೀಲವನ್ನು ಅಲ್ಲಿಯವನು ಎರಡೂ ಕೈಯಿಂದ ತಬ್ಬಿ ಎತ್ತಿ ಕಪಾಟಿಗೆ ಹಾಕುತ್ತಿದ್ದ. ನಾನು ನನ್ನ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡೆ.

“ನಾನು ಹತ್ತೋದಿಲ್ಲ. ಬೀಳೋ ಗೋಪುರವನ್ನು ಕೆಳಗಿನಿಂದ ನೋಡಿಕೊಳ್ಳೋಕೂ ಒಬ್ಬರು ಬೇಕಲ್ಲ” ಎಂದು ಹುಲ್ಲಿನ ಪಕ್ಕದ ಕಟ್ಟೆಯ ಮೇಲೆ ಕೂತೆ.

“ಟೈಮ್ ಆಚ್ಚು, ಬನ್ನಿ ಎಲ್ಲಾರೂ!” ರಂಜನಿ ಹೊತ್ತಾಯಿತೆಂದು ಅವಸರಪಡಿಸಿ, ನನ್ನ ಚೀಟಿಯನ್ನು ನನ್ನ ಮಡಿಲಿಗೆ ಹಾಕಿದಳು. “ಇಟ್ಟುಕೊಳ್ಳಿ ಮಾಮಿ, ಜ್ಞಾಪಕಕ್ಕೆ.” ಇನ್ನೊಂದು ಕೈಯಲ್ಲಿ ಸರಸಳನ್ನು ಎಳೆದುಕೊಂಡೇ ಹೊರಟಳು.

ಸರಸ ತಿರುಗಿ ತಿರುಗಿ ನೋಡಿದಳು. “ಅಕ್ಕಾ, ಚೀಲ... ಚೀಲದಲ್ಲಿ...”

“ಚೀಲದ ಯೋಚನೆ ನಿನಗೆ ಬೇಡ! ಪ್ರಾಣ ಹೋದರೂ ಬಿಡೋಲ್ಲ, ನಾನಿದ್ದೇನೆ!” ಎಂದು ಕೂಗಿ ಕೈ ಬೀಸಿದೆ.

ಅವರು ಒಳಗೆ ಹೋದರು. ನನಗೆ ಹಸಿವಾಯಿತು. ಅವಲಕ್ಕಿಯ ಡಬ್ಬಿಗೆಂದು ಚೀಲದೊಳಗೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಡಬ್ಬಿಯಲ್ಲ, ಟವೆಲಿನ ಗಂಟು.

ನಾಲ್ಕು ಸಾವಿರ ಮೈಲಿ ಆಚೆಯಿಂದ ಬಂದ ರಸಮಟ್ಟ ಗೋಪುರದ ಬುಡದಲ್ಲಿ, ಚಟ್ನಿಪುಡಿಯ ಪಕ್ಕ! ಸರಸ ಬರಿಗೈಯಲ್ಲಿ ಮೇಲೆ! ಮಧ್ಯಾಹ್ನಕ್ಕೆ ಬಸ್ಸು ಹೊರಟರೆ ಮುಗಿಯಿತು. ಇನ್ನೊಂದು ಸಲ ಬರುವ ವಯಸ್ಸು ಅವಳಿಗೂ ಇಲ್ಲ, ನನಗೂ ಇಲ್ಲ.

ಎದ್ದೆ. ಓಡಿದೆ ಎಂದರೆ ಸುಳ್ಳಾದೀತು, ಓಡುವವಳ ಹಾಗೆ ನಡೆದೆ. ಗಂಟನ್ನು ಕೈಗೆತ್ತಿಕೊಂಡು, ಒಬ್ಬರ ಬೆರಳೂ ತಾಗಿಸದೆ ಕಾಪಾಡಿದ ಚೀಲವನ್ನು ಆ ಕೋಣೆಯವನ ಮುಂದೆ ಧೊಪ್ಪನೆ ಇಟ್ಟೆ. ಅವನು ತಬ್ಬಿ ಎತ್ತಿಕೊಂಡ. ನಾನು ಕಣ್ಣು ಮುಚ್ಚಿಕೊಳ್ಳಲೂ ನಿಲ್ಲಲಿಲ್ಲ.

ಗೋಪುರದ ಬಾಗಿಲಲ್ಲಿ ನರೆತ ಮೀಸೆಯ ಕಾವಲುಗಾರ ಅಡ್ಡ ಬಂದ. ಗಡಿಯಾರ ತೋರಿಸಿದ, ಹೊತ್ತು ಮೀರಿತು ಎಂದು. ಗಂಟು ತೋರಿಸಿದ, ಇದೇನು ಎಂದು. ನಾನು ಕನ್ನಡದಲ್ಲಿ ಬೇಡಿದೆ, ತಮಿಳಿನಲ್ಲಿ ಗದರಿದೆ. ಕೊನೆಗೆ ಗಂಟು ಬಿಚ್ಚಿದೆ.

ಟವೆಲಿನೊಳಗೆ ಒಂದು ಹಳೆಯ ಕಂದು ಬಣ್ಣದ ಚೀಲ. ದಪ್ಪ ದಾರದ ಹೊಲಿಗೆ, ಮೇಲೆ ಗುಂಡಿ. ಬೆವರು ಕುಡಿದು ಕುಡಿದು ನಯವಾಗಿ ಹೊಳೆಯುತ್ತಿತ್ತು.

ತೊಗಲು!

ಅಪ್ಪಟ ತೊಗಲು! ಮೀನಂಬಾಕದಿಂದ ನನ್ನ ಪಟ್ಟೆಸೀರೆಗಳ ಮಡಿಲಲ್ಲಿ, ಜಪಮಣಿಗೆ ಅಂಟಿಕೊಂಡು, ದೇವರ ಅವಲಕ್ಕಿಗೆ ಒರಗಿಕೊಂಡು! ತೊಗಲಿನ ಸಂತೆಯ ಬಾಯಲ್ಲಿ ತೊಗಲನ್ನು ಎದೆಗವಚಿಕೊಂಡೇ ನಾನು ತೊಗಲಿನ ಉಪನ್ಯಾಸ ಕೊಟ್ಟಿದ್ದೆ!

ಕಾವಲುಗಾರ ನನ್ನ ಮುಖ ನೋಡಿ ಬೆಚ್ಚಿಬಿದ್ದ. ಗುಂಡಿ ಬಿಚ್ಚಿ ರಸಮಟ್ಟವನ್ನು ಹೊರಗೆ ತೆಗೆದ. ಅದನ್ನು ಬಾಗಿಲ ಕಲ್ಲಿನ ಮೇಲಿಟ್ಟು, ಓಡಿದ ಗುಳ್ಳೆಯನ್ನು ನೋಡಿ ಮೀಸೆಯಲ್ಲೇ ನಕ್ಕ. ಮತ್ತೆ ಜೋಪಾನವಾಗಿ ತೊಗಲಿನ ಚೀಲಕ್ಕೆ ಹಾಕಿ, ಎರಡೂ ಕೈಯಿಂದ ನನಗೆ ಕೊಟ್ಟು, ದಾರಿ ಬಿಟ್ಟ.

ಮುನ್ನೂರಕ್ಕೆ ಕೆಲವೇ ಕಡಿಮೆ ಮೆಟ್ಟಿಲು. ಸವೆದ ಹಾಲುಗಲ್ಲು. ಒಂದು ಸುತ್ತಿಗೆ ಗೋಡೆ ನಮ್ಮನ್ನು ಅತ್ತ ನೂಕುತ್ತದೆ, ಇನ್ನೊಂದು ಸುತ್ತಿಗೆ ಇತ್ತ. ಬೀಳದಂತೆ ಆ ತೊಗಲನ್ನು ಎದೆಗೊತ್ತಿ ಹಿಡಿದೆ. ಐವತ್ತನೆಯ ಮೆಟ್ಟಿಲಿಗೆ ಮಡಿ ಮರೆತುಹೋಯಿತು, ನೂರೈವತ್ತಕ್ಕೆ ಮಂಡಿ ಮರೆತುಹೋಯಿತು, ಮೇಲೆ ಮುಟ್ಟಿದಾಗ ನನ್ನ ಹೆಸರೇ ಮರೆತಿತ್ತು.

ಎಲ್ಲರೂ ಊರು ನೋಡುತ್ತಿದ್ದರು. ಸರಸ ಒಬ್ಬಳೇ ಕಂಬಿ ಹಿಡಿದು ನೆಲ ನೋಡುತ್ತಿದ್ದಳು. ನನ್ನ ಕೈಯಲ್ಲಿದ್ದುದನ್ನು ಕಂಡಳು.

“ಅಕ್ಕಾ... ಬಿಚ್ಚಿಬಿಟ್ಟಿರಾ?”

“ಬಿಚ್ಚಿದೆ. ಮೊದಲೇ ಯಾಕೆ ಹೇಳಲಿಲ್ಲವೇ ನೀನು?”

“ಮೂರು ಸಲ ಶುರು ಮಾಡಿದೆ ಅಕ್ಕಾ.”

ನಾನು ತೊಗಲಿನ ಚೀಲದ ಗುಂಡಿ ಬಿಚ್ಚಿ ಅವಳ ಮುಂದೆ ಹಿಡಿದೆ.

ಸರಸ ಕೂತು ರಸಮಟ್ಟವನ್ನು ಕಲ್ಲಿನ ಮೇಲಿಟ್ಟಳು. ಗುಳ್ಳೆ ಸರ್ರನೆ ಒಂದು ತುದಿಗೆ ಓಡಿತು. ಅವಳು ಇನ್ನೊಂದು ತುದಿಯನ್ನು ಎತ್ತಿ ಅದರಡಿ ಹೆಬ್ಬೆರಳು ತೂರಿಸಿದಳು. ಗುಳ್ಳೆ ನಿಧಾನವಾಗಿ ಹಿಂದೆ ಬಂತು. ಎರಡು ಗೆರೆಗಳ ನಡುವೆ ನಿಂತಿತು.

“ಹೆಬ್ಬೆರಳು ದಪ್ಪ ಅಂದಿದ್ದರು. ಸರಿಯಾಗೇ ಹೇಳಿದ್ದರು ಅಕ್ಕಾ.”

ಬೆರಳು ನೋಯುತ್ತಿತ್ತೇನೋ, ತೆಗೆಯಲಿಲ್ಲ. ಗಂಟೆ ಬಾರಿಸಿ ಎಲ್ಲರಿಗೂ ಇಳಿಯಿರಿ ಎನ್ನುವವರೆಗೂ ಹಾಗೆಯೇ ಕೂತಿದ್ದಳು. ನಾನು ಪಕ್ಕದಲ್ಲಿ ಖಾಲಿ ತೊಗಲಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಅಂಬತ್ತೂರಿನ ಎಣ್ಣೆಯ ವಾಸನೆ ಇನ್ನೂ ಅದರಲ್ಲಿತ್ತು.

ವೆನಿಸ್ಸಿನಲ್ಲಿ ಗುಂಪಿನವರ ಜೊತೆ ಕೂತು ಬಿಸಿ ಅನ್ನ ತಿಂದೆ. ಅವಲಕ್ಕಿ ಪಾರಿವಾಳಗಳ ಪಾಲಾಯಿತು.

ಮಾಂಬಲಕ್ಕೆ ಬಂದು, ಬೀದಿಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ತಲೆಯೆತ್ತಿದರೆ ಎದುರಿಗೆ ಮೊಳೆ, ಮೊಳೆಗೆ ಬೆಲ್ಟು. ನಲವತ್ತೆಂಟು ವರ್ಷದ ಬಿಸಿಲಿಗೆ ಎಷ್ಟು ಬೆಲ್ಟುಗಳು ಅಲ್ಲಿ ಒಣಗಿ ಬಿರಿದವೋ. ಅದನ್ನು ತೆಗೆದುಕೊಂಡು, ಹೊಸ್ತಿಲು ದಾಟಿ, ಯಜಮಾನರ ಮಂಚದ ಪಕ್ಕದ ಗೂಟಕ್ಕೆ ನೇತು ಹಾಕಿದೆ.

ಅವರು ಪೇಪರು ಇಳಿಸಿದರು. ಬೆಲ್ಟು ನೋಡಿದರು, ನನ್ನನ್ನು ನೋಡಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಒಂದು ಮಾತೂ ತಡೆಯದೆ ಪೂರ್ತಿ ಕೇಳಿ, ಬಹಳ ಗಂಭೀರವಾಗಿ ಅಂದರು:

“ನಲವತ್ತೆಂಟು ವರ್ಷ ನೆಟ್ಟಗೆ ನಿಂತು ಹೇಳಿದೆ, ನೀನು ಕೇಳಲಿಲ್ಲ. ವಾಲಿಕೊಂಡು ಹೇಳಬೇಕಿತ್ತು ಅಂತ ನನಗೆ ಗೊತ್ತಾಗಲಿಲ್ಲ ನೋಡು, ಜಾನಕಿ.”